ವ್ಯಾಪ್ತಿ ಪ್ರದೇಶದ ಹೊರಗೆ ಒಂದು ಶನಿವಾರ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮನೆಯಿಂದ ಹೊರಟು ಬೀದಿಯ ತಿರುವು ಮುಟ್ಟಿದ ಮೇಲೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವವರ ಜಾತಿಗೆ ಸೇರಿದವಳು. ಬಂದು ನೋಡಿದರೆ ಆರಿಸಿಯೇ ಇರುತ್ತೇನೆ. ಆದರೆ ಮತ್ತೆ ತಿರುವಿಗೆ ಬಂದಾಗ, ಮುಟ್ಟಿ ನೋಡುವಾಗ ಗುಂಡಿ ಎಲ್ಲಿ ಆ ಕಡೆ ತಿರುಗಿಕೊಂಡಿತೋ ಎಂಬ ಹೊಸ ಅನುಮಾನ ತಯಾರಾಗಿರುತ್ತದೆ. ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ನಮ್ಮ ಯಜಮಾನರು ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, "ನಿನಗೆ ಹೆದರೋಕೆ ಏನೂ ಸಿಗದಿದ್ರೆ, ಯಾಕೆ ಸಿಗ್ಲಿಲ್ಲ ಅಂತ ಹೆದರ್ತೀಯ" ಎಂದು ಹೇಳಿ ಸುಮ್ಮನಾಗಿದ್ದಾರೆ. ಇಂಥ ನನ್ನ ಕೈಗೆ ಒಂದು ಸ್ಮಾರ್ಟ್‌ಫೋನು ಕೊಟ್ಟದ್ದೂ ಅವರೇ. ಹಾಗಾಗಿ ಆಮೇಲೆ ಆದದ್ದರಲ್ಲಿ ಅವರ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ನಾನು ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ಮಂಡ್ಯದಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುವುದು. ಹೋದ ಫೆಬ್ರವರಿಯಲ್ಲಿ ಒಂದು ದಿನ ಹಳೆಯ ಸಹೋದ್ಯೋಗಿಯೊಬ್ಬರ ನಂಬರಿನಿಂದ ನನ್ನ ಫೋನಿಗೆ "ನಮ್ಮ ಮನೆಯ ಮದುವೆಗೆ ತಪ್ಪದೆ ಬನ್ನಿ" ಎಂಬ ಸಂದೇಶ ಬಂತು. ಕೆಳಗೆ ಲಗ್ನಪತ್ರಿಕೆ ಎಂಬ ಹೆಸರಿನ ಒಂದು ಕಡತ. ಅವರ ಮಗನಿಗೆ ಕೊನೆಗೂ ಹೆಣ್ಣು ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಒತ್ತಿದೆ. ಏನೂ ತೆರೆದುಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗಲೂ ಇಲ್ಲ. ಸಂಜೆ ಹೊತ್ತಿಗೆ ಅದೇ ಸಂದೇಶ, ಅದೇ ಪತ್ರಿಕೆ, ನನ್ನ ಫೋನಿನಲ್ಲಿದ್ದ ಅಷ್ಟೂ ಜನಕ್ಕೆ ನನ್ನ ಹೆಸರಿನಲ್ಲಿ ಹೋಗಿತ್ತು. ಹೆಡ್‌ಮಾಸ್ಟರಿಗೆ, ಹಾಲಿನವನಿಗೆ, ನಮ್ಮ ಬೀದಿಯ ಟೈಲರಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ. ಸಿಲಿಂಡರಿನವನು ಮರುದಿನವೇ ಬಾಗಿಲಿಗೆ ಬಂದು, "ಯಾವ ಛತ್ರ ಮೇಡಂ?" ಎಂದು ಕೇಳಿದ. ನನ್ನ ಮಗಳು ಸಿಂಧು ಡಿಗ್ರಿ ಮೂರನೇ ವರ್ಷದಲ್ಲಿ ಓದುತ್ತಿದ್ದಾಳೆ. ಅವಳಿಗೆ ಮದುವೆ ನಿಶ್ಚಯವಾಗಿದೆ ಎಂಬ ಸುದ್ದಿ ಅವಳ ಕಾಲೇಜಿಗೆ ಅವಳಿಗಿಂತ ಮೊದಲು ತಲುಪಿತ್ತು.

ಇದೆಲ್ಲ ಎರಡು ದಿನದ ನಗೆಯಾಗಿ ಮುಗಿಯುತ್ತಿತ್ತು, ಆ ಪತ್ರಿಕೆ ಮಂಜುಳಾಗೂ ಹೋಗದೆ ಇದ್ದಿದ್ದರೆ. ಮಂಜುಳ ನನ್ನ ವಾರಗಿತ್ತಿ. ನಮ್ಮ ಮೈದುನ ನಾಗರಾಜು ಹಲಗೂರಿನ ಹತ್ತಿರದ ನಮ್ಮ ಊರಿನಲ್ಲಿ ರೇಷ್ಮೆ ಮಾಡುತ್ತಾನೆ, ಅವನ ಹೆಂಡತಿ. ನಾನು ಪೇಟೆಯಲ್ಲಿ ಬೆಳೆದವಳು, ಮದುವೆಯಾಗಿ ಬಂದಾಗ ಮುದ್ದೆ ತಿರುವಲು ಬರುತ್ತಿರಲಿಲ್ಲ. ನನಗಿಂತ ಎರಡು ವರ್ಷ ಆಮೇಲೆ ಆ ಮನೆಗೆ ಬಂದ ಮಂಜುಳ, ನನಗಿಂತ ಚಿಕ್ಕವಳು, ಅತ್ತೆ ಹಟ್ಟಿಯಿಂದ ಬರುವುದರೊಳಗೆ ಸರಸರ ಮುದ್ದೆ ಕಟ್ಟಿ, ಪಾತ್ರೆಯನ್ನು ನನ್ನ ಮುಂದೆ ತಳ್ಳಿ, ತಾನು ಸೊಪ್ಪು ಬಿಡಿಸುತ್ತ ಕೂತುಬಿಡುತ್ತಿದ್ದಳು. ನಮ್ಮತ್ತೆ ಸಾಯುವವರೆಗೂ ಹಿರಿಸೊಸೆಯ ಮುದ್ದೆಯೇ ನಯ ಎಂದು ಹೊಗಳುತ್ತಿದ್ದರು. ಮಂಜುಳ ಒಂದು ದಿನವೂ ಬಾಯಿ ಬಿಡಲಿಲ್ಲ. ಅಂಥವಳು ಆ ಪತ್ರಿಕೆ ಬಂದ ದಿನ ಫೋನು ಮಾಡಿ ಕೇಳಿದಳು:

"ಮನೆ ಮಗಳ ಮದ್ವೆನ ಪೋನಲ್ಲಿ ತಿಳ್ಕಳಂಗಾಯ್ತಾ ಅಕ್ಕ? ಮನೆಗ್ ಬಂದು ಕುಂಕ್ಮ ಇಟ್ಟು ಕರಿಯಾಕೆ ನಾವು ಅಷ್ಟು ಬ್ಯಾಡ್ದೋರಾದ್ವಾ?"

ಮದುವೆಯೇ ಇಲ್ಲ, ಅದು ಯಾರೋ ಕಳ್ಳರ ಕೆಲಸ ಎಂದು ನಾನು ವಿವರಿಸಿದೆ. ಮಂಜುಳ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಕಳ್ಳ ಬಂದ್ರೆ ಏನಾರ ಕದ್ಕಂಡ್ ಓಯ್ತಾನೆ. ನಿನ್ ಮಗಳ ಮದ್ವೆಗೆ ಅವ್ನು ಯಾಕಕ್ಕ ಊರ್ನೆಲ್ಲಾ ಕರೀತಾನೆ?"   ಅವಳೂ ಅದನ್ನು ಒತ್ತಿದ್ದಳಂತೆ, ಅವಳ ಫೋನಿನಿಂದ ಅವಳ ತವರಿನವರಿಗೆಲ್ಲ ಪತ್ರಿಕೆ ಹೋಗಿ, ಇಲ್ಲದ ಮದುವೆಗೆ ಅವಳಣ್ಣ ಹೊಸ ಪಂಚೆ ತೆಗೆದಿಟ್ಟಿದ್ದನಂತೆ. ಅವಳ ಮಾನ ಎರಡು ಊರಿನಲ್ಲಿ ಹೋಗಿತ್ತು. ಅವತ್ತಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು.

ಆ ಹೆದರಿಕೆಯಲ್ಲಿ ನಾನಿದ್ದಾಗ ನಮ್ಮ ಶಾಲೆಗೆ ಅಧಿಕಾರಿಯೊಬ್ಬರು ಬಂದು ಮಕ್ಕಳಿಗೆ ಫೋನಿನ ಅಪಾಯಗಳ ಬಗ್ಗೆ ಭಾಷಣ ಮಾಡಿದರು. ನಿಮ್ಮ ಜೇಬಿನಲ್ಲಿರುವ ಫೋನು ನೀವು ಎಲ್ಲಿದ್ದೀರಿ ಎಂದು ಗಳಿಗೆ ಗಳಿಗೆಗೂ ಟವರಿಗೆ ವರದಿ ಒಪ್ಪಿಸುತ್ತಿರುತ್ತದೆ ಎಂದರು. ಮಕ್ಕಳು ಆಕಳಿಸಿದರು. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ನಾನು ಬೆವತೆ. ಮನೆಗೆ ಬಂದು ಸಿಂಧುವಿನ ತಲೆ ತಿಂದೆ. ಅವಳು ಹುಡುಕಿ, ಸಿಗ್ನಲ್ ತಡೆಯುವ ಒಂದು ಚೀಲ ತರಿಸಿಕೊಟ್ಟಳು. ಕಪ್ಪು ಬಣ್ಣ, ಅಜ್ಜಿಯರ ಎಲೆಅಡಿಕೆ ಚೀಲದಷ್ಟು ದೊಡ್ಡದು, ಒಳಗೆ ಲೋಹದ ಎಳೆ ನೇಯ್ದ ಬಟ್ಟೆ, ಬಾಯಿಗೆ ಎರಡು ಮಡಿಕೆ. ಫೋನನ್ನು ಒಳಗೆ ಹಾಕಿ ಮಡಚಿದರೆ ಮುಗಿಯಿತು, ಯಾವ ಟವರಿಗೂ ಅದು ಸಿಗುವುದಿಲ್ಲ. ನಮ್ಮ ಶಾಲೆಯ ವಿಜ್ಞಾನದ ಗಿರಿಜಾ ಇದನ್ನು ನೋಡಿ, "ವನಜಾ, ನಿನ್ನ ಫೋನಿಗೆ ಕಳ್ಳ ಗಾಳೀಲಿ ತೂರ್ಕೊಂಡು ಬರ್ಲಿಲ್ಲ. ನೀನು ಬಾಗಿಲು ತೆಗೆದೆ, ಬಂದ. ಇದರೊಳಗೆ ಇರೋವಷ್ಟು ಹೊತ್ತು ಫೋನು ಯಾರಿಗೂ ಸಿಗಲ್ಲ, ಅಷ್ಟೆ. ಹೊರಗೆ ತೆಗೆದ ಮೇಲೆ ಅದೇ ಫೋನು, ಅದೇ ನೀನು" ಎಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗ್ಗೆ ಮನೆ ಬಿಡುವಾಗ ಚೀಲಕ್ಕೆ ಹಾಕಿದರೆ ವಾಪಸು ಬಂದು ಚಪ್ಪಲಿ ಬಿಟ್ಟ ಮೇಲೆಯೇ ತೆಗೆಯುವುದು ಎಂದು ನಿಯಮ ಮಾಡಿಕೊಂಡೆ. ಯಜಮಾನರಿಗೆ ಸಿಟ್ಟು ಬಂತು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನನ್ನ ಎಲ್ಲಿ ಅಂತ ಹುಡುಕ್ಲಿ?" ಎಂದರು. ಯಾರೂ ಹುಡುಕಬಾರದು ಎಂದೇ ತಾನೇ ಚೀಲ ತಂದದ್ದು ಎಂದು ನಾನು ವಾದ ಗೆದ್ದೆ. ಮೂರು ತಿಂಗಳು ಸುಖವಾಗಿದ್ದೆ.

ಆಷಾಢದ ಒಂದು ಶನಿವಾರ. ಶನಿವಾರ ನಮಗೆ ಬೆಳಗಿನ ಶಾಲೆ, ಹನ್ನೊಂದೂವರೆ ದಾಟುತ್ತಲೇ ಗಂಟೆ ಹೊಡೆದರು. ಹನ್ನೆರಡರ ಸುಮಾರಿನ ರೈಲು ಹಿಡಿಯಬೇಕೆಂದು ಬೇಗ ಬೇಗ ಸ್ಟೇಷನ್ನಿಗೆ ನಡೆದೆ. ಅಷ್ಟು ಹೊತ್ತಿಗಾಗಲೇ ಏನೇನು ಆಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು, ಆದರೆ ನಿಮಗೆ ಈಗಲೇ ಹೇಳುತ್ತೇನೆ.

ಮಂಜುಳಾಗೆ ಹಲವು ತಿಂಗಳಿಂದ ವಿಪರೀತ ಮುಟ್ಟು ಹೋಗುತ್ತಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಮಾತಿದ್ದಿದ್ದರೆ ನನಗೆ ಹೇಳುತ್ತಿದ್ದಳು. ಅವತ್ತು ಬೆಳಗ್ಗೆ ಹುಳುಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತ ಹಾಕುತ್ತಲೇ ಕುಸಿದಳು. ನಾಗರಾಜು ಪಕ್ಕದ ಮನೆಯವರ ಕಾರಿನಲ್ಲಿ ಮಳವಳ್ಳಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಒಂದು ಬಾಟಲಿ ಗ್ಲೂಕೋಸ್ ಏರಿಸಿ, ಇಲ್ಲಿ ಆಗುವುದಿಲ್ಲ, ಮಂಡ್ಯಕ್ಕೆ ನಡೆಯಿರಿ ಎಂದರು. ಮಂಡ್ಯದ ನರ್ಸಿಂಗ್ ಹೋಮಿನಲ್ಲಿ ನೋಡಿ, ಗರ್ಭಕೋಶದಲ್ಲಿ ಗಡ್ಡೆ, ಈಗಲೇ ಆಪರೇಷನ್ ಆಗಬೇಕು, ಆದರೆ ಮೈಯಲ್ಲಿ ರಕ್ತವೇ ಇಲ್ಲ ಎಂದರು. ಅವಳದು ಓ ನೆಗೆಟಿವ್. ರಕ್ತನಿಧಿಯಲ್ಲಿ ಆ ಗುಂಪಿನದು ಇದ್ದದ್ದು ಒಂದೇ ಚೀಲ. ಇನ್ನೊಂದನ್ನು ಮೈಸೂರಿನಿಂದ ತರಿಸಬಹುದು, ಯಾವಾಗ ಬರುತ್ತದೋ ಹೇಳಲಾಗದು. ಒಂದನ್ನೇ ನಂಬಿಕೊಂಡು ಕೈ ಹಾಕುವುದು ಕಷ್ಟ ಎಂದರು ಡಾಕ್ಟರು.

ನಮ್ಮಿಬ್ಬರದೂ ಒಂದೇ ಗುಂಪು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾಗರಾಜು ಮಳವಳ್ಳಿಯಿಂದಲೇ ನನಗೆ ಫೋನು ಮಾಡಲು ಶುರು ಮಾಡಿದ್ದ. ಪ್ರತಿಸಲವೂ ಒಬ್ಬ ಹೆಂಗಸು ಇಂಪಾದ ದನಿಯಲ್ಲಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತಿದ್ದಳು. ಮದ್ದೂರು ಪೇಟೆಯ ನಡುವೆ ಇರುವ ಶಾಲೆ ಯಾವ ವ್ಯಾಪ್ತಿಯ ಹೊರಗಿರಲು ಸಾಧ್ಯ? ಅವನಿಗೆ ಅರ್ಥವಾದದ್ದು ಒಂದೇ, ಅತ್ತಿಗೆ ತನ್ನ ನಂಬರನ್ನು ಬ್ಲಾಕ್ ಮಾಡಿದ್ದಾರೆ. ಕೊನೆಗೆ ಅಣ್ಣನಿಗೆ ಮಾಡಿದ. ಯಜಮಾನರು ಕಚೇರಿಯಿಂದ ಆಸ್ಪತ್ರೆಗೆ ಓಡುತ್ತ ನನಗೆ ಮಾಡಿದರು. ಸಿಗಲಿಲ್ಲ. ಯಾರು ಯಾರನ್ನೋ ಹಿಡಿದು ನಮ್ಮ ಹೆಡ್‌ಮಾಸ್ಟರ ನಂಬರು ಪಡೆದರು. ಹೆಡ್‌ಮಾಸ್ಟರು ಬೆಸಗರಹಳ್ಳಿಯ ಗೃಹಪ್ರವೇಶವೊಂದಕ್ಕೆ ಬೈಕಿನಲ್ಲಿ ಹೋಗುತ್ತಿದ್ದರು, ಊರು ಸೇರಿದ ಮೇಲೆ ನೋಡಿದರು. ಅವರು ನಮ್ಮ ಶಾಲೆಯ ಜವಾನ ಕೆಂಪಯ್ಯನಿಗೆ ಮಾಡಿದರು. ಕೆಂಪಯ್ಯ ಆಗಷ್ಟೇ ಗೇಟಿಗೆ ಬೀಗ ಹಾಕಿದ್ದ. ನಿವೃತ್ತಿಗೆ ಎರಡು ವರ್ಷವಿರುವ ಮನುಷ್ಯ, ಸ್ಟೇಷನ್ನಿನವರೆಗೂ ಓಡಿದ. ಅವನು ಪ್ಲಾಟ್‌ಫಾರ್ಮು ಮುಟ್ಟುವಾಗ ರೈಲು ಹೊರಟಿತ್ತು.

ನಾನು ಕಿಟಕಿಯ ಪಕ್ಕ ಕೂತು, ಮಧ್ಯಾಹ್ನಕ್ಕೆ ಏನು ಸಾರು ಎಂದು ಯೋಚಿಸುತ್ತಿದ್ದೆ. ಈ ರೈಲಿನಲ್ಲಿ ಮಾದೇವಣ್ಣ ಎಂಬಾತ ದಿನಾ ವಡೆ ಮಾರುತ್ತಾನೆ. ಅವನ ಕೂಗು ಎರಡು ಬೋಗಿಯಾಚೆಯಿಂದಲೇ ಕೇಳುತ್ತದೆ. ಅವತ್ತು ಕೂಗಿಲ್ಲದೆ ಬಂದ. ಬುಟ್ಟಿ ಸೊಂಟದ ಮೇಲಿತ್ತು, ಕಣ್ಣು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿತ್ತು.

"ಇಲ್ಲಿ ರಕ್ತದ ಮೇಡಮ್ಮೋರು ಯಾರು?" ಎಂದು ಕೇಳಿದ.

ಎಲ್ಲರೂ ಪಕ್ಕದವರ ಮುಖ ನೋಡಿದರು. ನಾನೂ ನೋಡಿದೆ.

"ಓ ನೆಗ್ಟೀವ್ ಮೇಡಮ್ಮೋರು. ಇಸ್ಕೂಲಿನೋರು. ಪೋನ್‌ನ ಕರೀ ಚೀಲಕ್ಕೆ ಆಕ್ಕಳೋರಂತೆ."

ಬೋಗಿಯ ಅಷ್ಟೂ ಜನ ನನ್ನ ಕಡೆ ತಿರುಗಿದರು. ಮೂರು ತಿಂಗಳಿಂದ ಟವರಿಗೆ ಸಿಗದವಳನ್ನು ವಡೆ ಮಾರುವವನು ನಾಲ್ಕನೇ ಬೋಗಿಯಲ್ಲಿ ಹಿಡಿದಿದ್ದ. ತರಗತಿಯಲ್ಲಿ ಉತ್ತರ ಬಾರದ ಮಕ್ಕಳು ಎತ್ತುವ ಹಾಗೆ ಅರ್ಧ ಕೈ ಎತ್ತಿದೆ.

ಮಾದೇವಣ್ಣ ಬುಟ್ಟಿ ಕೆಳಗಿಟ್ಟ. "ನಿಮ್ ಕೆಂಪಯ್ಯ ರೈಲ್ ಜತೇಲೇ ಓಡ್ಕಬತ್ತಾ ಯೋಳ್ದ ಕಣವ್ವ. ಅರ್ಧ ಕೇಳ್ತು, ಅರ್ಧ ಗಾಳಿಗೋಯ್ತು. ನಿಮ್ ವಾರಗಿತ್ತಿಗೆ ರಕ್ತ ಬೇಕಂತೆ. ಮಂಡ್ಯದ ಆಸ್ಪತ್ರೇಲವ್ರೆ."

"ಯಾವ ಆಸ್ಪತ್ರೆ?"

"ಅದು ಗಾಳಿಗೋದುದ್ರಲ್ಲಿತ್ತು."

"ಏನಾಗಿದೆ ಅವಳಿಗೆ? ಜೀವಕ್ಕೇನಾದರೂ..."

"ಅದೂ ಕೇಳ್ನಿಲ್ಲ ಕಣವ್ವ" ಎಂದು ಅವನು ಮುಖ ಬೇರೆ ಕಡೆ ತಿರುಗಿಸಿದ.

 ಚೀಲದ ಎರಡು ಮಡಿಕೆ ಬಿಚ್ಚಲು ಎರಡು ನಿಮಿಷ ಹಿಡಿಯಿತು. ಫೋನು ತೆಗೆದು ನೋಡಿದರೆ ಬ್ಯಾಟರಿ ಒಂದು ಪರ್ಸೆಂಟ್. ಚೀಲದೊಳಗೆ ಕೂತ ಫೋನು ಸುಮ್ಮನೆ ಕೂತಿರುವುದಿಲ್ಲ, ಟವರು ಎಲ್ಲಿ ಟವರು ಎಲ್ಲಿ ಎಂದು ಹುಡುಕಿ ಹುಡುಕಿ ಇದ್ದ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ ಎಂದು ಗಿರಿಜಾ ಆಮೇಲೆ ಹೇಳಿದಳು. ಒಂದು ಸಂದೇಶ ಟಿಣ್ ಎಂದು ಬಂತು. ಅದು ಯಾರದೆಂದು ನೋಡುವುದರೊಳಗೆ ಪರದೆ ಕಪ್ಪಾಯಿತು.

ಎದುರಿಗಿದ್ದ ಹೆಂಗಸು ತಕ್ಷಣ ತನ್ನ ಫೋನು ಮುಂದೆ ಹಿಡಿದು, "ಮನೆಯೋರ ನಂಬರ್ ಯೋಳಿ" ಎಂದಳು. ನಾನು ಬಾಯಿ ತೆರೆದೆ.  ಯಜಮಾನರ ನಂಬರು ಒಂಬತ್ತರಿಂದ ಶುರುವಾಗುತ್ತದೆ ಎಂಬಲ್ಲಿಗೆ ನನ್ನ ಜ್ಞಾನ ಮುಗಿಯಿತು. ಮಗಳದೂ ಗೊತ್ತಿಲ್ಲ. ಕದಂಬರು ಆಳಿದ ಇಸವಿ ಗೊತ್ತು, ಕಟ್ಟಿಕೊಂಡ ಗಂಡನ ನಂಬರು ಗೊತ್ತಿಲ್ಲ. ಬಾಯಿಪಾಠವಿದ್ದದ್ದು ಒಂದೇ ನಂಬರು, ನನ್ನದು. ಅದು ಸತ್ತು ನನ್ನ ಕೈಯಲ್ಲೇ ಇತ್ತು.

ದಾರಿ ಹುಡುಕಿದವನು ಮಾದೇವಣ್ಣ. ಮದ್ದೂರು ಪ್ಲಾಟ್‌ಫಾರ್ಮಿನಲ್ಲಿ ಅವನ ಷಡ್ಡಕನೂ ವಡೆ ಮಾರುತ್ತಾನೆ. ಅವನಿಗೆ ಫೋನು ಮಾಡಿದ. "ಲೇ, ಅಲ್ಲಿ ಇಸ್ಕೂಲಿನ ಕೆಂಪಯ್ಯ ಏದುಸಿರು ಬುಡ್ತಾ ಎಲ್ಲಾರ ಕುಂತಿರ್ತಾನೆ ನೋಡ್ಲಾ. ಅವನ್ ಕೈಗೆ ಪೋನ್ ಕೊಡು." ಕೆಂಪಯ್ಯ ಕಲ್ಲುಬೆಂಚಿನ ಮೇಲೆ ಮಲಗಿದ್ದನಂತೆ. ಅವನಿಂದ ಆಸ್ಪತ್ರೆಯ ಹೆಸರು ಬಂತು, ಯಜಮಾನರ ನಂಬರೂ ಬಂತು. ಕೊನೆಗೆ ಅವನು, "ಬಿರ್ನೆ ಓಗಿ ಮೇಡಂ. ಒಂದೇ ಚೀಲ ರಕ್ತ ಮಡಿಕ್ಕಂಡು ಕಾಯ್ತಾವ್ರಂತೆ" ಎಂದ.

ಎದುರಿನ ಹೆಂಗಸಿನ ಫೋನಿನಿಂದ, ಬರುತ್ತಿದ್ದೇನೆ ಎಂದು ಯಜಮಾನರಿಗೆ ತಿಳಿಸುವ ಹೊತ್ತಿಗೆ ರೈಲು ಹನಕೆರೆಗೆ ಬಂದು ನಿಂತಿತು. ನಿಂತೇ ಇತ್ತು. ಒಂದು ನಿಮಿಷ ನಿಲ್ಲುವ ಊರು. ಐದು ನಿಮಿಷವಾಯಿತು. ನಾನು ಎದ್ದು ಬಾಗಿಲಿಗೆ ಬಂದೆ. ಮುಂದಿನ ಸಿಗ್ನಲ್ಲು ಕೆಂಪಾಗಿತ್ತು.

ಮಾದೇವಣ್ಣ ಕೆಳಗಿಳಿದು ಹಳಿಯ ಉದ್ದಕ್ಕೂ ನೋಡಿ ಬಂದ. "ಇಂದ್ಗಡೆಯಿಂದ ಎಕ್ಸ್‌ಪ್ರೆಸ್ ಬತ್ತಾದೆ. ಅದನ್ನ ಮುಂದುಕ್ ಬುಟ್ಟೇ ಇದನ್ನ ಬುಡೋದು. ಇಳೀರವ್ವ" ಎಂದ.

ಅವನ ಹಿಂದೆ ಸ್ಟೇಷನ್ನಿನ ಹೊರಗೆ ಬಂದೆ. ಬೇವಿನ ಮರದ ಕೆಳಗೆ ಅರವತ್ತು ದಾಟಿದ ಒಬ್ಬರು ಮೊಪೆಡ್ಡಿನ ಹಿಂದೆ ಹಸಿಹುಲ್ಲಿನ ಹೊರೆ ಕಟ್ಟುತ್ತಿದ್ದರು. ಬೋರೇಗೌಡರು ಎಂದು ಆಮೇಲೆ ತಿಳಿಯಿತು.

"ಬೋರಣ್ಣ, ಈ ಮೇಡಮ್ಮೋರ್ನ ಮಂಡ್ಯ ಆಸ್ಪತ್ರೆಗೆ ಬುಟ್ಬುಡು. ರಕ್ತ ಕೊಡ್ಬೇಕು" ಎಂದ ಮಾದೇವಣ್ಣ.

"ಉಲ್ಲು?"

"ಇಳಿಸು. ನಾ ಕಾಯ್ತೀನಿ."

"ನಿನ್ ರೈಲು ಓಯ್ತದಲ್ಲೋ."

"ಅದು ನಾಳೀಕೂ ಬತ್ತದೆ."

ಬೋರೇಗೌಡರು ಮತ್ತೇನೂ ಕೇಳಲಿಲ್ಲ. ಹಗ್ಗ ಬಿಚ್ಚಿ ಹೊರೆಯನ್ನು ಉರುಳಿಸಿದರು. ನಾನು ಕೂತ ಮೇಲೆ ಮಾದೇವಣ್ಣ ಪೇಪರಿನಲ್ಲಿ ಎರಡು ವಡೆ ಸುತ್ತಿ ನನ್ನ ಕೈಚೀಲಕ್ಕೆ ತುರುಕಿದ. "ಬರೀ ಒಟ್ಟೇಲಿ ರಕ್ತ ತಗಳಾಕಿಲ್ಲ ಅವ್ರು. ನಾನೂ ಕೊಟ್ಟಿವ್ನಿ" ಎಂದ.

ಮೊಪೆಡ್ಡು ಹೊರಟಿತು. ಹೊರಟಿತು ಎಂದರೆ ನಡೆದುಕೊಂಡು ಹೋಗುವವರಿಗಿಂತ ಸ್ವಲ್ಪ ಮುಂದಿತ್ತು. ಬೋರೇಗೌಡರು ದಾರಿಯಲ್ಲಿ ಸಿಕ್ಕ ಎಮ್ಮೆಗಳಿಗೆ ಜಾಗ ಬಿಟ್ಟರು, ಕಬ್ಬಿನ ಟ್ರ್ಯಾಕ್ಟರಿಗೆ ಜಾಗ ಬಿಟ್ಟರು. ಹತ್ತು ನಿಮಿಷ ಹೋಗಿರಬಹುದು, ಹಳಿ ರಸ್ತೆಯ ಪಕ್ಕಕ್ಕೆ ಬರುವ ಕಡೆ ಹಿಂದಿನಿಂದ ಸದ್ದಾಯಿತು. ಮೊದಲು ಎಕ್ಸ್‌ಪ್ರೆಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ನಾನು ಇಳಿದುಬಂದ ರೈಲೂ ಹೋಯಿತು. ಕಿಟಕಿಗಳಿಂದ ಹೆಂಗಸರು ನನಗೆ ಕೈ ಬೀಸಿದರು. ಪಾಪ, ಧೈರ್ಯ ಹೇಳಲು ಬೀಸಿದ್ದು. ನಾನು ಮೊಪೆಡ್ಡಿನ ಹಿಂದೆ ಕೂತು, ಸುಮ್ಮನೆ ರೈಲಿನಲ್ಲೇ ಕೂತಿದ್ದರೆ ಅಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆ ಎಂದು ಲೆಕ್ಕ ಹಾಕಿದೆ. ಅಳು ಬಂತು.

ಗೌಡರು ಕನ್ನಡಿಯಲ್ಲಿ ನೋಡಿರಬೇಕು. "ಯಾರ್ಗವ್ವ ರಕ್ತ?" ಎಂದರು.

"ವಾರಗಿತ್ತಿಗೆ."

"ಚೆಂದಾಗಿದ್ದೀರಾ ಇಬ್ರೂವೆ?"

ಅಪರಿಚಿತರ ಹತ್ತಿರ ಸುಳ್ಳು ಹೇಳಬಹುದಿತ್ತು. "ಇಲ್ಲ. ಐದು ತಿಂಗಳಿಂದ ಮಾತಿಲ್ಲ" ಎಂದೆ.

 "ಅಂಗಾದ್ರೆ ಬಿರ್ನೆ ಓಗ್ಬೇಕು" ಎಂದು ಗೌಡರು ಆಕ್ಸಿಲರೇಟರ್ ತಿರುಗಿಸಿದರು. ಆ ಮೊಪೆಡ್ಡು ಅಷ್ಟು ಜೋರಾಗಿ ಓಡಬಲ್ಲದು ಎಂದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಮಂಡ್ಯ ಊರೊಳಗೆ ಎರಡು ಹಂಪುಗಳ ಮೇಲೆ ನಾವು ಗಾಳಿಯಲ್ಲಿದ್ದೆವು.

ಆಸ್ಪತ್ರೆಯ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಬೈಯಲಿಲ್ಲ. "ಬಾ" ಎಂದರು, ಅಷ್ಟೆ. ಬೈದಿದ್ದರೆ ಉಸಿರಾಡಲು ಸುಲಭವಾಗುತ್ತಿತ್ತು. ಒಳಗೆ ಗೋಡೆಗೆ ಒರಗಿ ನಿಂತಿದ್ದ ನಾಗರಾಜು ನನ್ನನ್ನು ನೋಡಿ ಮುಖ ಕೆಳಗೆ ಹಾಕಿದ. ಅವನ ಅಂಗಿಯ ತೋಳಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಚೂರು ಇನ್ನೂ ಅಂಟಿಕೊಂಡಿತ್ತು. ಮಂಜುಳಾಳನ್ನು ಆಗಷ್ಟೇ ತಳ್ಳುಗಾಡಿಯ ಮೇಲೆ ಆಪರೇಷನ್ ಕೋಣೆಯ ಕಡೆ ತರುತ್ತಿದ್ದರು. ಒಂದು ಚೀಲದಲ್ಲೇ ಶುರು ಮಾಡದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ತೀರ್ಮಾನಿಸಿದ್ದರು. ಅವಳ ಮುಖ ಹಸಿ ಸುಣ್ಣ ಬಳಿದ ಹಾಗಿತ್ತು. ತುಟಿಯಲ್ಲೂ ಬಣ್ಣವಿರಲಿಲ್ಲ.

"ಬಂದ್ಯಾ ಅಕ್ಕ" ಎಂದಳು. "ನೀನು ಬರಾಕಿಲ್ಲ ಅಂತ ಇವ್ರಿಗೆ ಯೋಳಿದ್ದೆ."

 ಕೈಚೀಲದಿಂದ ಆ ಕರಿ ಚೀಲವನ್ನು ತೆಗೆದು ಅವಳ ಕಣ್ಣ ಮುಂದೆ ಹಿಡಿದೆ. "ಇದರೊಳಗಿತ್ತು ಮಂಜು. ಫೋನು ಇದರೊಳಗಿತ್ತು. ಇದರಲ್ಲಿದ್ದರೆ ಸಿಗ್ನಲ್ಲು ಬರಲ್ಲ" ಎಂದೆ. ಜೀವ ಹೋಗುವ ಹಾಗಿರುವ ಹೆಂಗಸಿಗೆ ತರಂಗಗಳ ಪಾಠ ಮಾಡುತ್ತಿದ್ದೆ. ಮಂಜುಳ ಚೀಲವನ್ನು ನೋಡಿದಳು, ನನ್ನನ್ನು ನೋಡಿದಳು.

"ಪೋನಿಗೂ ಅಂಗಿ ಒಲ್ಸಿದ್ದೀಯಾ" ಎಂದಳು. ಬಾಗಿಲು ಮುಚ್ಚಿತು.

ರಕ್ತನಿಧಿಯಲ್ಲಿ ತೂಕ ನೋಡಿದರು. ನನ್ನ ತೂಕವನ್ನು ಕಂಡು ಒಬ್ಬರು ಸಂತೋಷಪಟ್ಟದ್ದು ಅದೇ ಮೊದಲು. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದರು. ಹನ್ನೆರಡೂವರೆ ಇರಬೇಕಂತೆ, ಹನ್ನೆರಡು ಪಾಯಿಂಟ್ ಆರು ಇತ್ತು. ಆ ಒಂದು ಪಾಯಿಂಟಿಗಾಗಿ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಯಂತ್ರಕ್ಕೇ ಮುಗಿದೆ. ಏನಾದರೂ ತಿಂದಿದ್ದೀರಾ ಎಂದು ಕೇಳಿದರು. ಬೆಳಗ್ಗೆ ಏಳಕ್ಕೆ ತಿಂದ ಎರಡು ಇಡ್ಲಿ. ತಿನ್ನದೆ ತೆಗೆಯುವುದಿಲ್ಲ ಎಂದರು. ಮಾದೇವಣ್ಣನ ಪೊಟ್ಟಣ ಬಿಚ್ಚಿದೆ. ನೀರು ಕುಡಿದು ಕುಡಿದು ನುಂಗಿದೆ. ವಡೆ ತಿನ್ನುವುದು ಅಷ್ಟು ಗಂಭೀರವಾದ ಕೆಲಸವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ರಕ್ತ ತೆಗೆದ ಮೇಲೂ ಅದನ್ನು ಪರೀಕ್ಷೆ ಮಾಡಿ ಕೊಡಲು ಒಂದೂವರೆ ಗಂಟೆ ಬೇಕು ಎಂದರು. ಅಷ್ಟರಲ್ಲಿ ಅಲ್ಲಿ ಮಂಜುಳಾಳನ್ನು ಕೊಯ್ದಾಗಿತ್ತು.

ಆಪರೇಷನ್ ಕೋಣೆಯ ಮುಂದೆ ಒಂದೇ ಬೆಂಚು. ಆ ತುದಿಯಲ್ಲಿ ನಾಗರಾಜು, ಈ ತುದಿಯಲ್ಲಿ ನಾನು, ನಡುವೆ ನಮ್ಮ ಯಜಮಾನರು. ಯಜಮಾನರು ರಕ್ತ ತಯಾರಾಯಿತೇ ಎಂದು ನೋಡಲು ಎದ್ದು ಹೋದರು. ನಡುವೆ ಜಾಗ ಖಾಲಿಯಾಯಿತು. ನನ್ನ ಫೋನನ್ನು ನರ್ಸಮ್ಮ ತಮ್ಮ ಚಾರ್ಜರಿಗೆ ಹಾಕಿ ಆಗತಾನೇ ತಂದುಕೊಟ್ಟಿದ್ದರು. ತಪ್ಪಿದ ಕರೆಗಳ ಸಂದೇಶಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಹೆಚ್ಚಿನವು ನಾಗರಾಜುವಿನವು.

"ಅದನ್ನ ಕೊಡಿ ಇಲ್ಲಿ" ಎಂದ ಅವನು, ನನ್ನನ್ನು ನೋಡದೆ.

ಫೋನು ಕೊಟ್ಟೆ. "ಚೀಲಾನೂ" ಎಂದ. ಕೊಟ್ಟೆ. ಫೋನನ್ನು ಚೀಲದೊಳಗೆ ಇಳಿಸಿ, ನಾನು ತೋರಿಸಿದ ಹಾಗೆ ಎರಡು ಮಡಿಕೆ ಮಡಿಸಿದ. ಆಮೇಲೆ ತನ್ನ ಫೋನಿನಿಂದ ನನ್ನ ನಂಬರಿಗೆ ಮಾಡಿ ಕಿವಿಗೆ ಹಿಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ಹೇಳುವುದು ನನಗೂ ಕೇಳಿಸಿತು. ಅವನು ಚೀಲ ಬಿಚ್ಚಿ ಫೋನು ಹೊರಗೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದ. ಅವನ ತೊಡೆಯ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಒಳಗೆ ಹಾಕಿದ, ಮಾಡಿದ, ಇಲ್ಲ. ಹೊರಗೆ ತೆಗೆದ, ಮಾಡಿದ, ಬಂತು. ಹೀಗೆ ಮೂರು ಸಲ. ಮೂರನೆಯ ಸಲ ಚೀಲವನ್ನು ಬೆಂಚಿನ ಮೇಲೆ ಇಟ್ಟು, ತೋಳಿನಿಂದ ಕಣ್ಣೊರೆಸಿಕೊಂಡ.

"ದಿಟವೇ ಕಣತ್ಗೆ" ಎಂದ. "ನಾನು ಏನೇನೋ ಅಂದ್ಕಂಡ್ಬುಟ್ಟೆ. ಬೆಳಿಗ್ಗಿಂ‌ದ ದಾರಿವುದ್ದಕ್ಕೂ ನಿಮ್ಮನ್ನ ಬೈಕಂಡೇ ಬಂದೆ."

"ಬೈಯಬೇಕಾದ್ದೇ ನಾಗರಾಜು" ಎಂದೆ. ಅಷ್ಟರಲ್ಲಿ ಯಜಮಾನರು ಒಂದು ಥರ್ಮಾಕೋಲ್ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅದರಲ್ಲಿದ್ದದ್ದು ನನ್ನ ರಕ್ತ. ನರ್ಸಮ್ಮ ಅದನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಒಳಗೆ ಹೋದರು. ನಾಲ್ಕು ಗಂಟೆಯ ಸುಮಾರಿಗೆ ಡಾಕ್ಟರು ಹೊರಗೆ ಬಂದು, ಪರವಾಗಿಲ್ಲ, ತಡೆದುಕೊಂಡರು ಎಂದರು. ನಾವು ಮೂವರೂ ಎದ್ದು ನಿಂತು, ಮತ್ತೆ ಕೂತೆವು. ಬೇರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.

ಐದನೆಯ ದಿನ ಮಂಜುಳ ದಿಂಬಿಗೆ ಒರಗಿ ಕೂತು ನಾನು ಮಾಡಿ ತಂದಿದ್ದ ಮುದ್ದೆ ಮುರಿದಳು. ಒಂದು ತುತ್ತು ನುಂಗಿ, "ಇನ್ನೂ ಗಂಟು ಬುಡ್ತೀಯಲ್ಲಕ್ಕ" ಎಂದಳು. ಮಾತು ಶುರುವಾದದ್ದು ಹಾಗೆ. ಸಂಜೆ ನಾನು ಹೊರಡುವಾಗ ಸೆರಗು ಹಿಡಿದು ನಿಲ್ಲಿಸಿದಳು. "ಆ ಕರೀ ಚೀಲ ಎಲ್ಲದೆ? ನಮ್ಮವ್ವನ ಕಡೆಯೋರೆಲ್ಲ ದಿನಕ್ಕೆ ಇಪ್ಪತ್ಸಲ ಪೋನ್ ಮಾಡಿ ಮೈ ಎಂಗದೆ, ಏನ್ ಉಂಡೆ ಅಂತ ಕೇಳಿ ಕೇಳಿ ಸಾಕಾಗೈತೆ. ನಂಗ್ ಕೊಟ್ಬುಡು." ಕೊಟ್ಟೆ. ಮಲಗುವ ಹೊತ್ತಿಗೆ ಅವಳ ಅಣ್ಣ ನನಗೆ ಫೋನು ಮಾಡಿ, ತಂಗಿಯ ಫೋನು ಹೋಗುತ್ತಿಲ್ಲ, ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದ. ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾಳೆ ಎಂದೆ.

ಇನ್ನು ನನ್ನ ಕಥೆ. ನಾನು ರಕ್ತ ಕೊಡುತ್ತ ಮಲಗಿದ್ದಾಗ ನಮ್ಮ ಯಜಮಾನರು ಒಂದು ಫೋಟೋ ತೆಗೆದಿದ್ದರಂತೆ. ನನ್ನ ಬಾಯಿ ಅರ್ಧ ತೆರೆದಿದೆ. ಅದರ ಕೆಳಗೆ ನನ್ನ ಹೆಸರು, ರಕ್ತದ ಗುಂಪು, ಶಾಲೆ, ಹೋಗಿ ಬರುವ ರೈಲಿನ ಹೊತ್ತು, ಮೊಬೈಲ್ ನಂಬರು ಎಲ್ಲ ಬರೆದು, "ಯಾವಾಗ ಬೇಕಾದರೂ ಸಂಪರ್ಕಿಸಿ" ಎಂದು ಸೇರಿಸಿ, ತಮಗೆ ಗೊತ್ತಿದ್ದ ಅಷ್ಟೂ ಗುಂಪುಗಳಿಗೆ ಹೆಮ್ಮೆಯಿಂದ ಕಳಿಸಿದ್ದರು. ಮೂರು ತಾಲ್ಲೂಕಿನಲ್ಲಿ ಅದು ಓಡಾಡಿತು. ಅವರಿಗೆ ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯಲಿ ಎಂದು ಮುಚ್ಚಿದೆ.

ನಿನ್ನೆ ಮಳವಳ್ಳಿ ಕಡೆಯಿಂದ ಯಾರೋ ಫೋನು ಮಾಡಿದ್ದರು. "ಓ ನೆಗ್ಟೀವ್ ಮೇಡಮ್ಮೋರಾ?" ಹೌದು ಎಂದೆ. ಹೆಂಗಸರು ಒಮ್ಮೆ ಕೊಟ್ಟರೆ ನಾಲ್ಕು ತಿಂಗಳು ಮತ್ತೆ ಕೊಡುವ ಹಾಗಿಲ್ಲ, ನನ್ನದು ಇನ್ನೂ ಆಗಿಲ್ಲ ಎಂದು ಮೆತ್ತಗೆ ವಿವರಿಸಿದೆ. "ಗೊತ್ತು ಬುಡಿ ಮೇಡಂ, ಲೆಕ್ಕ ಆಕಿವ್ನಿ" ಎಂದರು ಅವರು. "ನಿಮ್ದು ನವೆಂಬರ್ ಎರಡ್ನೇ ವಾರಕ್ಕೆ ತುಂಬ್ತದೆ. ನಮ್ಮನೆಯವ್ಳಿಗೆ ಎರಿಗೆಗೆ ಡೇಟ್ ಕೊಟ್ಟಿರೋದು ಮೂರ್ನೇ ವಾರ. ಆ ವಾರ ಎಲ್ಲೂ ದೂರ ಓಗ್ಬೇಡಿ ಅಂತ ಈಗ್ಲೇ ಯೋಳಾನ ಅಂತ ಮಾಡ್ದೆ." ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರ ಲೆಕ್ಕ ಸರಿಯಾಗಿತ್ತು. ಆಗಲಿ ಎಂದೆ. ಫೋನು ಇಡುವ ಮೊದಲು, ಫೋಟೋದಲ್ಲಿ ಸ್ವಲ್ಪ ಬಿಳಿಚಿಕೊಂಡ ಹಾಗಿದ್ದೀರಿ, ಅಲ್ಲಿಯವರೆಗೆ ದಿನಾ ಬೀಟ್‌ರೂಟ್ ತಿನ್ನಿ ಎಂದೂ ಹೇಳಿದರು. ನನಗೆ ಬೀಟ್‌ರೂಟ್ ಕಂಡರಾಗದು. ಇವತ್ತು ಬೆಳಗ್ಗೆ ಪಲ್ಯ ಮಾಡಿಕೊಂಡು ತಿಂದೆ. ತಿನ್ನದೆ ಇದ್ದರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ.